ಕೈ ಮೇಷ್ಟ್ರೂ ಬ್ಯಾಟು ಹಿಡಿದ ಬೊಂಬೆಯೂ

"ಕೈ ವಿಷಯದಲ್ಲಿ ನನಗೆ ಹೇಳಿಕೊಡೋರು ಇನ್ನೂ ಹುಟ್ಟಿಲ್ಲ!"

ಬುಧವಾರ ಬೆಳಿಗ್ಗೆ ಚಹಾದ ಲೋಟ ಎತ್ತಿ ಹಿಡಿದು ಕೈ ಮೇಷ್ಟ್ರು ಮಾಡಿದ ಘನಘೋಷಣೆ ಇದು. ಕೇಳಿಸಿಕೊಂಡವರು ಅವರ ಹೆಂಡತಿ ಒಬ್ಬರೇ. ಕಪಾಟಿನ ಮೇಲೆ ಸಾಲಾಗಿ ನಿಂತಿದ್ದ ಮೂವತ್ತಾರು ಕೈಗಳಿಗೆ ಕಿವಿ ಇರಲಿಲ್ಲ.

ನಮ್ಮ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಬೊಂಬೆಗಳು ನಿಂತಿರುತ್ತವಲ್ಲ, ಅವನ್ನು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬರೀ ಕೈ ಮಾಡಿದವರು. ತಲೆ, ಮುಂಡ, ಕಾಲು ಎಲ್ಲಕ್ಕೂ ಬೇರೆ ಬೇರೆ ಜನ. ಮೊಣಕೈಯಿಂದ ಉಗುರಿನ ತನಕ ಮಾತ್ರ ಇವರ ಸಾಮ್ರಾಜ್ಯ. ಮನೆಯೊಳಗೂ ಅದೇ! ಕಪಾಟಿನಲ್ಲಿ ಕೈ, ಬಟ್ಟೆ ಒಣಹಾಕುವ ತಂತಿಯ ಮೇಲೆ ಕೈ, ಛತ್ರಿ ಇಡುವ ಡಬ್ಬಿಯಲ್ಲಿ ಛತ್ರಿಯ ಜೊತೆಗೆ ಎರಡು ಕೈ. ಹೊಸಬರು ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂತು, ಬೇಗ ಎದ್ದು ಹೋಗುತ್ತಿದ್ದರು.

ಆ ವಾರ ಮೇಷ್ಟ್ರ ಸಾಮ್ರಾಜ್ಯಕ್ಕೇ ಸಂಚಕಾರ ಬಂದಿತ್ತು. ಆಟದ ಸಾಮಾನಿನ ಅಂಗಡಿಯೊಂದು ಬೇಸ್‌ಬಾಲ್ ಆಡುವ ಬೊಂಬೆ ಬೇಕೆಂದು ಕೇಳಿತ್ತು, ಅದೂ ಬ್ಯಾಟಿಗೆ ಚೆಂಡು ತಾಗುವ ಕ್ಷಣದಲ್ಲಿ ಇರುವ ಹಾಗೆ. ಕಾರ್ಖಾನೆಯ ಯಜಮಾನರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ನೋಡಿ ಮೇಷ್ಟ್ರೇ, ಶನಿವಾರ ಸಾಯಂಕಾಲ ಐದಕ್ಕೆ ಬೊಂಬೆ ಗಾಜಿನ ಹಿಂದೆ ನಿಂತಿರಬೇಕು. ಕೈ ಸರಿ ಬಂದರೆ ಸರಿ. ಇಲ್ಲದಿದ್ದರೆ ಕೈ ವಿಭಾಗ ಮುಚ್ಚಿ ರೆಡಿಮೇಡ್ ಕೈ ತರಿಸ್ತೀನಿ. ನೀವು ಪ್ಯಾಕಿಂಗ್‌ಗೆ ಹೋಗಿ."

ಪ್ಯಾಕಿಂಗ್! ಇಪ್ಪತ್ತೆರಡು ವರ್ಷ ಬೆರಳು ತಿದ್ದಿದ ಕೈ ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸುವುದೇ?

ತಮಾಷೆ ಏನೆಂದರೆ, ಮೇಷ್ಟ್ರ ಹೆಂಡತಿ ಹುಡುಗಿಯರ ಶಾಲೆಯಲ್ಲಿ ಆಟದ ಮೇಡಂ. ಕಲಿಸುವುದು ಬೇಸ್‌ಬಾಲ್! ಕೇಳಿದ್ದರೆ ಐದು ನಿಮಿಷದ ಕೆಲಸ.

"ರೀ, ನಾನು ಒಂದ್ಸಲ ಹಿಡಿದು ತೋರಿಸ್ಲಾ?" ಎಂದರು ಮೇಡಂ.

"ನೀನು ಚೆಂಡು ಹೊಡೆಯೋರನ್ನ ತಯಾರು ಮಾಡು. ಕೈ ತಯಾರು ಮಾಡೋಕೆ ನಾನಿದೀನಿ."

"ಆಯ್ತಪ್ಪ, ನಿಮ್ಮ ಕೈ, ನಿಮ್ಮ ಹಣೆಬರಹ."

ಬಾಯಲ್ಲಿ ಹೀಗಂದರೂ ಮೇಷ್ಟ್ರು ಹಿಂದಿನ ಸಾಯಂಕಾಲವೇ ಶಾಲೆಯ ಕಾಂಪೌಂಡಿನ ಹಿಂದೆ ಬಗ್ಗಿ ನಿಂತು, ಮೇಡಂ ಹುಡುಗಿಯರಿಗೆ ಹೇಳಿಕೊಡುವುದನ್ನು ಕದ್ದು ಕೇಳಿದ್ದರು. "ಬ್ಯಾಟು ಬೆರಳಲ್ಲಿರಲಿ, ಅಂಗೈಯಲ್ಲಿ ಹಿಸುಕಬೇಡಿ. ಕೆಳಗಿನ ಕೈ ಎಳೆಯುತ್ತೆ, ಮೇಲಿನ ಕೈ ಅದರ ಹಿಂದೆ ಬಂದು ತಳ್ಳುತ್ತೆ. ಚೆಂಡು ತಾಗೋವಾಗ ಮೇಲಿನ ಅಂಗೈ ಆಕಾಶ ನೋಡ್ಬೇಕು, ಕೆಳಗಿನದು ನೆಲ ನೋಡ್ಬೇಕು. ಮುಂಗೈ ಹೊರಳೋದು ಚೆಂಡು ಹೋದ ಮೇಲೆ, ಮೊದಲೇ ಹೊರಳಿಸಿದ್ರೋ, ಕೆಟ್ಟಿರಿ!" ಮೇಷ್ಟ್ರು ಅಷ್ಟನ್ನೂ ಅಂಗಿಯ ತೋಳಿನ ಮೇಲೆ ಬರೆದುಕೊಂಡು ಬಂದಿದ್ದರು. ಹೆಂಡತಿಯನ್ನು ಕೇಳಿ ಕಲಿತದ್ದಲ್ಲ, ಕದ್ದದ್ದು. ಹಾಗಾಗಿ ಮರ್ಯಾದೆಗೆ ಧಕ್ಕೆ ಇಲ್ಲ.

ಮೇಡಂ ಶಾಲೆಗೆ ಹೊರಟ ಮೇಲೆ ಮೇಷ್ಟ್ರು ಬಾಗಿಲು ಹಾಕಿಕೊಂಡರು. ಮಲಗುವ ಕೋಣೆಯ ಆಳೆತ್ತರದ ಕನ್ನಡಿಯ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಹಲಗೆಯ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಕಲಸಿದ ಪ್ಲಾಸ್ಟರ್. ಅಚ್ಚು ಎರಡು ಹೋಳಾಗಲೆಂದು ಅದರ ಅಡಿಯಲ್ಲಿ ಗಟ್ಟಿ ನೂಲು. ಪ್ಲಾಸ್ಟರ್ ಗಟ್ಟಿಯಾಗುವ ಮುಂಚೆ ನೂಲು ಎಳೆದರೆ ಬೆಣ್ಣೆ ಕತ್ತರಿಸಿದ ಹಾಗೆ ಅಚ್ಚು ಸೀಳುತ್ತದೆ. ಇದು ಮೇಷ್ಟ್ರ ಸ್ವಂತ ವಿದ್ಯೆ. ಬ್ಯಾಟಿನ ಹಿಡಿಯಷ್ಟು ದಪ್ಪದ ಕೋಲು ಹಿಡಿದರು. ಮೇಲಿನ ಅಂಗೈ ಆಕಾಶಕ್ಕೆ, ಕೆಳಗಿನದು ನೆಲಕ್ಕೆ. ಕನ್ನಡಿಯಲ್ಲಿ ತಮ್ಮನ್ನು ತಾವೇ ಮೆಚ್ಚಿಕೊಂಡು ಎರಡೂ ಕೈಗಳನ್ನು ಮೊಣಕೈ ತನಕ ಮುಳುಗಿಸಿದರು.

ಹತ್ತು ನಿಮಿಷ ಕಳೆಯಿತು. ಇನ್ನು ನೂಲು ಎಳೆಯಬೇಕು.

ಎಳೆಯುವುದಕ್ಕೆ ಕೈ ಬೇಕು. ಕೈ ಎರಡೂ ಒಳಗೆ!

ಹಲ್ಲಿನಲ್ಲಿ ಕಚ್ಚಿ ಎಳೆದರು. ನೂಲು ಟಪ್ಪೆಂದು ತುಂಡಾಯಿತು. ಪ್ಲಾಸ್ಟರ್ ಮೆಲ್ಲಗೆ ಬಿಸಿಯಾಗತೊಡಗಿತು. ಗಟ್ಟಿಯಾಗುವಾಗ ಅದು ಬಿಸಿಯಾಗುವುದು ಸಹಜವೆಂದು ಮೇಷ್ಟ್ರಿಗೆ ಗೊತ್ತು. ಆದರೆ ಅದು ಜೀವ ಇರುವವರ ಮೈ ಬಿಸಿಯಂತೆ ಇರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಜೋಮು ಹಿಡಿದವು. ಯಾವುದು ತನ್ನ ಬಲಗೈ, ಯಾವುದು ಎಡಗೈ ಎಂದು ಒಳಗಿಂದ ತಿಳಿಯದೇ ಹೋಯಿತು. ಒಳಗೆ ಯಾರೋ ಮೂರನೆಯವರು ತನ್ನ ಬೆರಳುಗಳ ನಡುವೆ ಬೆರಳು ತೂರಿಸಿ, ಅದೇ ಕೋಲನ್ನು ಹಿಡಿದುಕೊಂಡಿದ್ದಾರೆ ಎನ್ನಿಸಿತು.

"ಯಾರು?" ಎಂದರು ಮೇಷ್ಟ್ರು, ಪೆಟ್ಟಿಗೆಗೆ.

ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಅಲ್ಲಾಡದೆ ನಿಂತಿತ್ತು. ತಂತಿಯ ಮೇಲಿನ ಕೈಗಳು ಗಾಳಿಯೇ ಇಲ್ಲದೆ ಒಂದಕ್ಕೊಂದು ತಾಗಿ ಟಕ್ ಟಕ್ ಎಂದವು.

ಅಷ್ಟರಲ್ಲಿ ಬಾಗಿಲ ಗಂಟೆ! ಮೇಷ್ಟ್ರು ಹಾರಿ ಬಿದ್ದು, ನೆಲದ ಮೇಲಿದ್ದ ಚಪ್ಪಲಿಗೆ ಕಾಲು ತುರುಕಿ, ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಡೆದರು. ನಡೆಯುವಾಗ ಹಿಂದೆ ಇನ್ನೊಂದು ಹೆಜ್ಜೆಯ ಸದ್ದು: ಸರ್ರ್... ಟಪ್. ನಿಂತರೆ ಅದೂ ನಿಂತಿತು. ನಡೆದರೆ ಮತ್ತೆ ಸರ್ರ್... ಟಪ್. ಗದ್ದದಿಂದ ಚಿಲಕ ಸರಿಸಿ ಬಾಗಿಲು ತೆರೆದರೆ ಪಾರ್ಸಲ್ಲಿನವನು.

"ಸೈನ್ ಮಾಡಿ ಸಾರ್."

"ಕೈ ಇಲ್ಲಪ್ಪ!"

ಅವನು ಮೊಣಕೈಯಿಂದಾಚೆ ಮಾಯವಾಗಿದ್ದ ತೋಳುಗಳನ್ನು ನೋಡಿದ, ಮೇಷ್ಟ್ರ ಭುಜದಾಚೆ ತಂತಿಯ ಮೇಲೆ ನೇತಾಡುತ್ತಿದ್ದ ಕೈಗಳನ್ನು ನೋಡಿದ. ಪಾರ್ಸಲ್ ಅಲ್ಲೇ ಬಿಟ್ಟು ಮೆಟ್ಟಿಲು ಇಳಿದದ್ದು ಮೇಷ್ಟ್ರಿಗೆ ಕಾಣಲೇ ಇಲ್ಲ, ಬರೀ ಕೇಳಿಸಿತು.

ನಾಲ್ಕು ಗಂಟೆಗೆ ಮೇಡಂ ಬಂದಾಗ ಮೇಷ್ಟ್ರು ಕನ್ನಡಿಯ ಮುಂದೆ ಪೆಟ್ಟಿಗೆಯ ಸಮೇತ ಕೂತಿದ್ದರು. ಮೇಡಂ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗರಗಸ ತಂದರು.

"ತಾಳು ತಾಳು! ಒಡೆಯೋ ಮುಂಚೆ ಗುರುತು ಹಾಕು, ಇಲ್ದಿದ್ರೆ ಆಮೇಲೆ ಅಚ್ಚು ಅದಲು ಬದಲಾಗುತ್ತೆ." ಮೇಷ್ಟ್ರು ಕನ್ನಡಿಯಲ್ಲೇ ನೋಡುತ್ತಾ ಗದ್ದ ಚಾಚಿದರು. "ಇದು ಎಡ. ಅದು ಬಲ. ಬರಿ."

"ಅಲ್ಲ ರೀ, ಇದು ಬಲಗೈ ಅಲ್ವಾ?"

"ಎಡ ಬಲ ನನಗೆ ಕಲಿಸ್ಬೇಡ! ಇಪ್ಪತ್ತೆರಡು ವರ್ಷ ಕೈ ಮಾಡಿದೀನಿ!"

ಮೇಡಂ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಹೇಳಿದ ಹಾಗೇ ಬರೆದು, ಅಚ್ಚು ಕೊಯ್ದು ಕೈ ಬಿಡಿಸಿದರು.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ಮೇಡಂ, "ರೀ, ನಿಮ್ಮ ಎಡ..." ಎಂದು ಶುರು ಮಾಡಿದರು. "ಎಡ ಬಲ ಕಲಿಸ್ಬೇಡ ಅಂದೆನಲ್ಲ!" ಎಂದು ಮೇಷ್ಟ್ರು ಗುಡುಗಿ ಮೆಟ್ಟಿಲಿಳಿದರು. ಮೆಟ್ಟಿಲ ಮೇಲೂ ಹಿಂದೆ ಆ ಸದ್ದು ಬರುತ್ತಿತ್ತು. ಸರ್ರ್... ಟಪ್.

ಗುರುವಾರ ಅಚ್ಚಿಗೆ ಎರಕ ಹೊಯ್ದರು. ಶುಕ್ರವಾರ ಕೈ ಹೊರಬಂತು. ನರ, ಸುಕ್ಕು, ಹೆಬ್ಬೆರಳಿನ ಹಳೆಯ ಗಾಯದ ಗುರುತು ಎಲ್ಲ ಇತ್ತು! ಬಲವೆಂದು ಬರೆದದ್ದನ್ನು ಬೊಂಬೆಯ ಬಲ ಮೊಣಕೈಗೆ, ಎಡವೆಂದು ಬರೆದದ್ದನ್ನು ಎಡಕ್ಕೆ ತಿರುಗಿಸಿ ಕೂರಿಸಿದರು. ಮೇಲಿನ ಅಂಗೈ ಆಕಾಶಕ್ಕೆ, ಕೆಳಗಿನದು ನೆಲಕ್ಕೆ. ಕಾರ್ಖಾನೆಯ ಕನ್ನಡಿಯ ಮುಂದೆ ತಾವೂ ಹಾಗೇ ನಿಂತು ಹೋಲಿಸಿದರು. ಕನ್ನಡಿಯೊಳಗಿನ ಕೈಗೂ ಬೊಂಬೆಯ ಕೈಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ! ಕೊನೆಗೆ ಬೆರಳುಗಳ ನಡುವೆ ಬ್ಯಾಟು ತೂರಿಸಿದರು.

ಬ್ಯಾಟು ಕೂತ ಗಳಿಗೆಯಿಂದ ಕೋಣೆ ಬದಲಾಯಿತು. ಬಣ್ಣ ಬಳಿಯಲು ಬಂದ ಹೆಂಗಸು ಬಾಗಿಲಲ್ಲೇ ನಿಂತಳು. "ಏನೋ ಸರಿ ಇಲ್ಲ ಮೇಷ್ಟ್ರೇ."

"ಏನು ಸರಿ ಇಲ್ಲ?"

"ಗೊತ್ತಾಗ್ತಿಲ್ಲ. ಆದ್ರೆ ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲಲ್ಲ."

ವ್ಯಾನಿನವನು ಬೊಂಬೆಯನ್ನು ತನ್ನ ಪಕ್ಕ ಕೂರಿಸಲು ಒಪ್ಪದೆ, ಹಿಂದೆ ಮಲಗಿಸಿ ಟಾರ್ಪಾಲು ಕಟ್ಟಿದ, ಅದೂ ಎರಡು ಗಂಟು. ಅಂಗಡಿಯಲ್ಲಿ ಯಜಮಾನರು ಬೊಂಬೆಯ ಸುತ್ತ ಒಂದು ಸುತ್ತು ಬಂದು ದನಿ ತಗ್ಗಿಸಿದರು. "ಮೇಷ್ಟ್ರೇ, ಅದು ನನ್ನನ್ನೇ ನೋಡ್ತಿದೆಯಾ?"

"ಸಾರ್, ಅದಕ್ಕೆ ಮುಖಾನೇ ಇಲ್ಲ."

"ಅದೇ ನಾನೂ ಹೇಳ್ತಿರೋದು!"

ಶನಿವಾರ ನಾಲ್ಕೂವರೆ. ಗಾಜಿನ ಹೊರಗೆ ಜನ ಸೇರಿದ್ದರು. ಯಾರೂ ಹತ್ತಿರ ಬರುತ್ತಿರಲಿಲ್ಲ, ಯಾರೂ ಹೋಗುತ್ತಲೂ ಇರಲಿಲ್ಲ. ಒಬ್ಬಾಕೆ ತನ್ನ ಕೈ ನೋಡಿಕೊಂಡು, ಬೊಂಬೆಯ ಕೈ ನೋಡಿ, ತನ್ನ ಕೈಗಳನ್ನು ಕೋಟಿನ ಜೇಬಿಗೆ ಸೇರಿಸಿಬಿಟ್ಟಳು. ಮಗುವೊಂದು ಅಳತೊಡಗಿತು. ಮೇಷ್ಟ್ರಿಗೂ ಈಗ ನಿಜವಾಗಿ ಹೆದರಿಕೆಯಾಯಿತು. ಆ ಕೈಗಳು ತಮ್ಮವೇ, ಗಾಯದ ಗುರುತೂ ತಮ್ಮದೇ, ಆದರೂ ಅವು ಯಾರವೋ. ಅಚ್ಚಿನೊಳಗೆ ಬೆರಳು ತೂರಿಸಿದ ಆ ಮೂರನೆಯವರು ನೆನಪಾದರು.

"ಇನ್ನು ಅರ್ಧ ಗಂಟೆ," ಎಂದರು ಯಜಮಾನರು ಗಡಿಯಾರ ನೋಡುತ್ತಾ. "ಆಮೇಲೆ ಪ್ಯಾಕಿಂಗು."

ಆಗ ಮೇಡಂ ಬಂದರು. ಶಾಲೆಯಿಂದ ನೇರ, ಕೊರಳಲ್ಲಿ ಇನ್ನೂ ಸೀಟಿ. ಗಾಜಿನಾಚೆ ಒಂದೇ ಒಂದು ನೋಟ ಹಾಕಿ ಬಾಯಿಗೆ ಕೈ ಅಡ್ಡ ಹಿಡಿದರು. ಮೇಷ್ಟ್ರ ಜಂಬವೆಲ್ಲ ಜರ್ರನೆ ಇಳಿಯಿತು.

"ಕಾಪಾಡೇ ಮಾರಾಯ್ತಿ! ಏನಾಗಿದೆ ಅದಕ್ಕೆ?"

ಮೇಡಂ ಅಂಗಡಿಯ ಬ್ಯಾಟೊಂದನ್ನು ತಂದು ಅವರ ಕೈಗೆ ಕೊಟ್ಟರು. "ಹಿಡೀರಿ. ಹೆಬ್ಬೆರಳು ಯಾವ ಕಡೆ ಇದೆ?"

"ಬ್ಯಾಟಿನ ದಪ್ಪ ತುದಿ ಕಡೆ."

"ಅದರದ್ದು?"

ಮೇಷ್ಟ್ರು ನೋಡಿದರು. ಬೊಂಬೆಯ ಎರಡೂ ಹೆಬ್ಬೆರಳು ತಿರುಗಿ, ಬ್ಯಾಟಿನ ಹಿಡಿಯ ತುದಿಗೆ, ತನ್ನ ಹೊಟ್ಟೆಯ ಕಡೆಗೇ ಇದ್ದವು. ಬಲ ತೋಳಿನ ತುದಿಯಲ್ಲಿ ಎಡಗೈ. ಎಡ ತೋಳಿನ ತುದಿಯಲ್ಲಿ ಬಲಗೈ. ಮನುಷ್ಯರಾದವರು ಯಾರೂ ಹಾಗೆ ಹಿಡಿಯಲಾರರು.

"ಕನ್ನಡಿ ನೋಡ್ಕೊಂಡು ಎಡ ಬಲ ಹೇಳಿದ್ರಿ. ನಾನು ಬರೆದೆ," ಎಂದರು ಮೇಡಂ.

ಮೊಣಕೈಯ ಸ್ಕ್ರೂ ಬಿಚ್ಚಿ, ಕೈ ಅದಲು ಬದಲು ಮಾಡಿ, ಬ್ಯಾಟು ಕೂರಿಸುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಬೊಂಬೆ ಬರೀ ಬೊಂಬೆಯಾಯಿತು. ಹೊರಗೆ ಮಗು ಅಳು ನಿಲ್ಲಿಸಿತು, ಜನ ಗಾಜಿನ ಹತ್ತಿರ ಬಂದರು. ಯಜಮಾನರು ಉಸಿರು ಬಿಟ್ಟು, "ಕೈ ವಿಭಾಗ ಇರಲಿ ಮೇಷ್ಟ್ರೇ. ಆದ್ರೆ ಇನ್ಮೇಲೆ ಗುರುತು ಹಾಕೋದು ಮೇಡಂ!" ಎಂದರು. ಮೇಷ್ಟ್ರು ತಲೆಯಾಡಿಸಿದರು. ಕಣ್ಣು ಒದ್ದೆಯಾಗಿದ್ದದ್ದು ಸಂತೋಷಕ್ಕೆ.

ಗಂಡ ಹೆಂಡತಿ ಮನೆಯ ಕಡೆ ಹೊರಟರು. ಬೀದಿ ತಿರುಗುವಾಗ ಮೇಷ್ಟ್ರು ಗಕ್ಕನೆ ನಿಂತು ಹೆಂಡತಿಯ ತೋಳು ಹಿಡಿದರು. ಮುಖ ಬಿಳಿಚಿಕೊಂಡಿತ್ತು.

"ಕೇಳಿಸ್ತಾ? ಸರ್ರ್... ಟಪ್. ಬುಧವಾರದಿಂದ ನನ್ನ ಹಿಂದೇನೇ ಬರ್ತಿದೆ. ಕೈ ಸರಿ ಮಾಡಿದ್ರೂ ಬಿಟ್ಟಿಲ್ಲ ಕಣೇ!"

ಮೇಡಂ ಹಿಂದೆ ನೋಡಲಿಲ್ಲ, ಕೆಳಗೆ ನೋಡಿದರು.

"ಚಪ್ಪಲಿ ರೀ ಅದು. ಎಡದ್ದು ಬಲಕ್ಕೆ ಹಾಕಿದೀರ. ಬುಧವಾರದಿಂದ ಹಾಗೇ ಬಿಡ್ತೀರ, ಹಾಗೇ ಹಾಕ್ಕೋತೀರ."

"ಗೊತ್ತಿದ್ದೂ ಸುಮ್ನಿದ್ಯಾ? ಹೇಳ್ಬಾರದಿತ್ತಾ?"

"ಹೇಳೋಕೆ ಬಂದೆ," ಎಂದರು ಮೇಡಂ. "ಎಡ ಬಲ ಕಲಿಸ್ಬೇಡ ಅಂದ್ರಿ."