ಕಂಪಾಲಾಗೆ ಹೋಗದವಳ ಪ್ರವಾಸ ಸಲಹೆಗಳು

ನಮ್ಮ ಅಮ್ಮ ಕಂಪಾಲಾಗೆ ಹೋಗಲಾಗದಿದ್ದುದಕ್ಕೆ ಒಂದು ಇಂಜೆಕ್ಷನ್ ಕಾರಣ ಎಂದು ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಹೇಳುವಾಗ ಕೊನೆಗೊಂದು ‘ಪಾಪ’ ಸೇರಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಇಂಜೆಕ್ಷನ್ನಿಗೆ ಬಾಯಿಲ್ಲ, ತನ್ನ ಪರವಾಗಿ ಅದು ಏನನ್ನೂ ಹೇಳಿಕೊಳ್ಳಲಾರದು. ಹಾಗಾಗಿ ಅದರ ಪರ ನಾನೇ ಎದ್ದು ನಿಲ್ಲಬೇಕಾಗಿದೆ. ನಿಲ್ಲುವುದು ನನಗೆ ಹೊಸದೇನಲ್ಲ. ಕುಂದಾಪುರದ ಹೈಸ್ಕೂಲಿನ ಚರ್ಚಾ ಸ್ಪರ್ಧೆಯಲ್ಲಿ ಪರ, ವಿರೋಧ ಎರಡರಲ್ಲಿ ಯಾವುದಕ್ಕೆ ಜನ ಸಿಗಲಿಲ್ಲವೋ ಅದಕ್ಕೆ ನನ್ನ ಹೆಸರು ಬರೆದುಬಿಡುತ್ತಿದ್ದರು. ಮೊಬೈಲ್ ವರವೆಂದು ಒಂದು ವರ್ಷ, ಶಾಪವೆಂದು ಮರುವರ್ಷ ಗೆದ್ದು ಎರಡು ಸ್ಟೀಲ್ ಲೋಟ ಮನೆಗೆ ತಂದವಳು ನಾನು. ಲಂಡನ್ನಿನ ಯೂನಿವರ್ಸಿಟಿ ಈ ಚಾಳಿಯನ್ನು ಇನ್ನಷ್ಟು ಹರಿತ ಮಾಡಿತು. ಎದುರಿನವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನನ್ನ ಮಾತು ಶುರುವಾಗುತ್ತದೆ. ಅಪ್ಪ ಪಾರ್ಕ್ ರಾಯಲ್‌ನ ಸಮೋಸ ಕಾರ್ಖಾನೆಯಲ್ಲಿ ಯಂತ್ರದ ಸದ್ದಿಗೆ ಅರ್ಧ ಕಿವುಡಾಗಿ ಬಚಾವಾಗಿದ್ದಾರೆ. ಅಮ್ಮನ ಕಿವಿ ಮಾತ್ರ ಇನ್ನೂ ಚೆನ್ನಾಗಿದೆ.

ಅಮ್ಮನ ಅಣ್ಣ, ನನ್ನ ಸೋದರಮಾವ, ಹರೆಯದಲ್ಲೇ ಹೋಟೆಲ್ ಅಡುಗೆಗೆಂದು ಉಗಾಂಡಾಕ್ಕೆ ಹೋದವರು. ಮದುವೆಯಾಗದೆ, ಕಂಪಾಲಾದಲ್ಲೇ ಉಳಿದು, ಸಣ್ಣದೊಂದು ಕ್ಯಾಂಟೀನ್ ನಡೆಸುತ್ತಿದ್ದರು. ಹೋದ ಚಳಿಗಾಲದಲ್ಲಿ ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಡಯಾಲಿಸಿಸ್. ಅಲ್ಲಿಂದ ಅವರು ಎಲ್ಲಿಗೂ ಹೊರಡುವಂತಿರಲಿಲ್ಲ. ಅಣ್ಣತಂಗಿ ಮುಖಾಮುಖಿ ಕಂಡು ಹನ್ನೊಂದು ವರ್ಷವಾಗಿತ್ತು. ಒಂದು ಭಾನುವಾರ ಅಮ್ಮ ದೋಸೆ ಹುಯ್ಯುತ್ತಾ, ಕಾವಲಿಗೆ ಹೇಳುವಂತೆ ಹೇಳಿದಳು: “ಅಣ್ಣನ್ನ ಒಂದ್ಸಲ ಕಾಣ್ಕ್ ಮಗಾ. ಅಲ್ಲಿಗ್ ಹೋಪುಕೆ ಎಂತೆಲ್ಲ ಬೇಕ್, ಕಂಪ್ಯೂಟರಲ್ ಕಾಣ್.”

ನಾನು ಕಂಡೆ. ಅದು ಸಾಲದೆಂದು ಪಕ್ಕದ ಪಿನ್ನರ್‌ನ ಸುಧಾ ಆಂಟಿಯನ್ನೂ ಕೇಳಿದೆ. ಮೈಸೂರಿನವರು, ಡಾಕ್ಟರ ಹೆಂಡತಿ, ಗೊರಿಲ್ಲಾ ನೋಡಲು ಉಗಾಂಡಾಕ್ಕೆ ನಾಲ್ಕು ದಿನ ಹೋಗಿಬಂದವರು. ಆದ್ದರಿಂದ ಆ ದೇಶದ ಸಂಪೂರ್ಣ ಜವಾಬ್ದಾರಿ ಅವರ ಮೇಲಿದೆ.

“ನೋಡಮ್ಮಾ, ಹಲ್ಲುಜ್ಜೋದಕ್ಕೂ ಬಾಟ್ಲಿ ನೀರೇ. ಹಸಿ ತರಕಾರಿ ಮುಟ್ಟಬಾರ್ದು. ಬೋಡಾ ಬೋಡಾ ಅಂತ ಬೈಕ್ ಟ್ಯಾಕ್ಸಿ ಬರತ್ತೆ, ಹತ್ಲೇಬಾರ್ದು. ಕತ್ತಲಾದ್ಮೇಲೆ ಆಚೆ ಕಾಲಿಡ್ಬಾರ್ದು.”

“ಹಾಗಾದ್ರೆ ಅಲ್ಲಿನೋರು ಬದುಕಿರೋದು ಹೇಗೆ ಆಂಟಿ?”

“ಅವ್ರಿಗೆ ಅಭ್ಯಾಸ ಇರತ್ತೆ ಕಣೇ.”

“ನೀವು ಗೊರಿಲ್ಲಾ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಂಡ್ರಲ್ಲ?”

“ಗೊರಿಲ್ಲಾ ವಿಷಯ ಬೇರೆ.”

ಅಮ್ಮ ಇದಕ್ಕೆಲ್ಲ ಬೆದರಲಿಲ್ಲ. ಅವಳನ್ನು ಅಲ್ಲಾಡಿಸಿದ್ದು ಆಂಟಿಯ ಕೊನೆಯ ಸಲಹೆ: ನೈರೋಬಿಯಲ್ಲಿ ವಿಮಾನ ಬದಲಿಸುವುದಾದರೆ ಚೀಲದಲ್ಲಿ ಪ್ಲಾಸ್ಟಿಕ್ ಕವರ್ ಇರಕೂಡದು, ಅಲ್ಲಿ ನಿಷೇಧ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಡಬ್ಬಿ ಹೊಸ್ತಿಲು ದಾಟಬೇಕಾದರೆ ಒಂದರೊಳಗೊಂದು ಐದು ಕವರ್ ಸುತ್ತಿಕೊಳ್ಳುತ್ತದೆ. ಅಡುಗೆಮನೆಯ ಒಂದು ಡ್ರಾಯರ್ ಪೂರ್ತಿ ಮಡಚಿಟ್ಟ ಕವರುಗಳು. ಅಮ್ಮ ಎರಡು ದಿನ ಯೋಚಿಸಿದಳು. ಆಮೇಲೆ ಅರಿಶಿನ ಕುಂಕುಮಕ್ಕೆ ಕರೆದವರು ಕೊಟ್ಟಿದ್ದ, ಮುಂದಿನ ಮನೆಗೆ ದಾಟಿಸಲೆಂದೇ ಕಾದಿರಿಸಿದ್ದ ರವಿಕೆ ಕಣಗಳನ್ನೆಲ್ಲ ಹೊರತೆಗೆದು ಚೀಲ ಹೊಲಿದಳು. ಹಪ್ಪಳಕ್ಕೊಂದು, ಕುಚ್ಚಲಕ್ಕಿಗೊಂದು, ಸಾರಿನ ಪುಡಿಗೊಂದು, ಹೀಗೆ ಹದಿಮೂರು. ಹ್ಯಾರೋದ ರವಿಕೆ ಕಣಗಳು ಯಾರ ಉಪಯೋಗಕ್ಕಾದರೂ ಬಂದದ್ದು ಅದೇ ಮೊದಲು.

ಮಾವನ ಸಲಹೆ ವಿಡಿಯೋ ಕಾಲಿನಲ್ಲಿ ಬಂತು. “ಎಂತದೂ ಹೊತ್ಕ ಬರ್ಬೇಡ. ಪ್ಲಗ್ ಸಹ ನಿಮ್ ಲಂಡನ್ನಿಂದೇ, ಮೂರ್ ಕಡ್ಡಿದ್. ಮಳಿ ಯಾವಾಗ ಬತ್ತ್ ಹೇಳುಕಾತಿಲ್ಲ, ಒಂದ್ ಕೊಡೆ ಇರ್ಲಿ. ಬಾಳೆಕಾಯ್ ಬೇಯ್ಸಿ ಕೊಡ್ತ್ರ್, ನಮ್ಮನಿ ರುಚಿಯೇ. ನೀ ಬಾ, ಅಷ್ಟೇ.” ಪಟ್ಟಿ ಬರೆಯುತ್ತಿದ್ದ ನಾನು ಇದನ್ನು ‘ಪುರಾವೆ ಇಲ್ಲ’ ಎಂದು ಬದಿಗಿಟ್ಟೆ.

ಉಗಾಂಡಾಕ್ಕೆ ಕಾಲಿಡಲು ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಬೇಕು. ಅಮ್ಮನಿಗೆ ಅರವತ್ಮೂರು. ಲಸಿಕೆ ಕೊಡುವ ಫಾರ್ಮಸಿಯಾಕೆ ಅಮ್ಮನ ಕಾಯಿಲೆ, ಮಾತ್ರೆ ಎಲ್ಲವನ್ನೂ ವಿಚಾರಿಸಿದಳು. ಅರವತ್ತು ದಾಟಿದವರಿಗೆ ಇದು ಗಂಭೀರವಾಗಿ ತೊಂದರೆ ಕೊಡುವುದು ಅಪರೂಪ, ಆದರೆ ಕಿರಿಯರಿಗಿಂತ ಸ್ವಲ್ಪ ಹೆಚ್ಚು. ಹೋಗಲೇಬೇಕಾದ ಪ್ರಯಾಣವಾದರೆ ನಿಮಗೆ ಕೊಡಬಹುದು ಎಂದಳು. ‘ಕೊಡಬಹುದು’ ಎಂದಳು, ಓದುಗರು ಗಮನಿಸಬೇಕು. ಗುರುವಾರಕ್ಕೆ ಸಮಯವನ್ನೂ ಗೊತ್ತುಮಾಡಿದಳು.

ಮನೆಗೆ ಬರುವ ಬಸ್ಸಿನಲ್ಲಿ ನಾನು ಶುರುಮಾಡಿದೆ. ಒಂದು, ಲಸಿಕೆಯ ಅಪಾಯ. ಎರಡು, ಮಲೇರಿಯಾ. ಮೂರು, ನೀನು ಹೋದರೆ ನಿನ್ನನ್ನು ನೋಡಿಕೊಳ್ಳುವ ಕೆಲಸವೂ ಕಾಯಿಲೆಯ ಮಾವನ ತಲೆಗೇ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

“ಅಲ್ಲಿಗ್ ಹೋಯಿ ಎಂತ ಮಾಡ್ತೆ ನೀನ್? ಡಾಕ್ಟ್ರಾ?” ಎಂದು ಕೇಳಿದೆ.

“ನಾನ್ ಅಣ್ಣನ್ ಹತ್ರ ಕೂಕಂತೆ” ಎಂದಳು ಅಮ್ಮ.

“ಕೂಕಂಬುಕೆ ಅಷ್ಟ್ ದೂರ ಹೋಯ್ಕಾ? ವಿಡಿಯೋ ಹಾಯ್ಕಂಡ್ ಇಲ್ಲೇ ಕೂಕೋ.”

ಇದಕ್ಕೆ ಉತ್ತರ ಬರಲಿಲ್ಲ. ಎದುರಾಳಿಯ ಬಳಿ ಉತ್ತರವಿಲ್ಲದಿದ್ದರೆ ಅಂಕ ನಮಗೆ, ಸ್ಪರ್ಧೆಯ ನಿಯಮವೇ ಹಾಗೆ. ನಮ್ಮ ಸ್ಟಾಪು ಬರುವ ಮುಂಚೆ ಅಮ್ಮ “ಆಯ್ತ್, ಬೇಡ” ಎಂದಳು. ಬಸ್ಸಿಳಿಯುವಷ್ಟರಲ್ಲಿ ನಾನು ಗುರುವಾರವನ್ನು ಫೋನಿನಲ್ಲೇ ರದ್ದುಮಾಡಿದ್ದೆ. ನಿಜ ಹೇಳುತ್ತೇನೆ, ನನ್ನ ಬಳಿ ಇದ್ದದ್ದು ಒಂದೇ ಕಾರಣ: ಅಮ್ಮನಿಗೆ ಏನಾದರೂ ಆದೀತೆಂಬ ಹೆದರಿಕೆ. ಅದೊಂದನ್ನು ಮಾತ್ರ ನಾನು ಹೇಳಲಿಲ್ಲ. ಹೆದರಿಕೆಗೆ ಯಾವ ತೀರ್ಪುಗಾರರೂ ಅಂಕ ಕೊಟ್ಟದ್ದನ್ನು ನಾನು ಕಂಡಿಲ್ಲ. ಹೇಳಿದ್ದರೆ ಅಮ್ಮ ನಕ್ಕು, ತಲೆ ಸವರಿ, ಗುರುವಾರ ತೋಳು ಮುಂದೆ ಮಾಡುತ್ತಿದ್ದಳೋ ಏನೋ.

ಏಳು ವಾರಕ್ಕೆ ಮಾವ ತೀರಿಹೋದರು. ಕೊನೆಯ ದರ್ಶನಕ್ಕೆ ಅಮ್ಮ ವಿಡಿಯೋ ಹಾಕಿಕೊಂಡು ಇಲ್ಲೇ ಕೂತಳು. ಅಲ್ಲಿ ಫೋನ್ ಹಿಡಿದವರು ಯಾರಿಗೋ ದಾರಿ ಬಿಡುವಾಗ ಚಿತ್ರ ಮೇಲಕ್ಕೆ ತಿರುಗಿತು, ನೆಟ್‌ವರ್ಕ್ ನಿಂತುಹೋಗಿ ಅಲ್ಲೇ ಅಂಟಿಕೊಂಡಿತು. ತಿರುಗದ ಒಂದು ಫ್ಯಾನು, ಸ್ವಲ್ಪ ಗೋಡೆ. ಅಮ್ಮ ಬಹಳ ಹೊತ್ತು ಆ ಫ್ಯಾನಿಗೇ ಕೈಮುಗಿದು ಕೂತಿದ್ದಳು.

ಮಾತಾಡಿಸಲು ಬಂದವರೆದುರು ಅಮ್ಮ ತಾನಾಗಿಯೇ ಹೇಳಿದಳು: “ಇಂಜೆಕ್ಷನ್ ದೆಸಿಂದ ಹೋಪುಕಾಯ್ಲಿಲ್ಲ.” ಕಾಫಿ ಹಿಡಿದು ನಿಂತಿದ್ದ ನನ್ನ ಕಡೆ ಅವಳು ನೋಡಲಿಲ್ಲ. ಬಂದವರು ಒಬ್ಬೊಬ್ಬರಾಗಿ ಅದನ್ನೇ ಊರೆಲ್ಲ ಹೇಳಿದರು.

ಈಗ ನಮ್ಮವರಲ್ಲಿ ಯಾರೇ ಉಗಾಂಡಾಕ್ಕೆ ಹೊರಟರೂ ಫೋನ್ ಬರುವುದು ನನಗೆ. ಎಂಟೆಬೆಯಲ್ಲಿ ಇಳಿದು ಕಂಪಾಲಾ ಮುಟ್ಟುವಷ್ಟರಲ್ಲಿ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಕಾಯಬೇಕು, ಸೊಳ್ಳೆಪರದೆ ಎಂಥದ್ದು ಬೇಕು, ಲಸಿಕೆ ಎಷ್ಟು ದಿನ ಮುಂಚೆ, ಎಲ್ಲ ನನಗೆ ಬಾಯಿಪಾಠ. ಹೋದ ಶನಿವಾರ ಸುಧಾ ಆಂಟಿಯ ನಾದಿನಿಗೆ ಇಪ್ಪತ್ತು ನಿಮಿಷ ಹೇಳಿದೆ. ಯಾವುದಕ್ಕೂ ಹೆದರಬೇಡಿ, ಹೋಗಿಬನ್ನಿ ಎಂದೂ ಹೇಳಿದೆ. ಬೇಕೆಂದರೆ ಪರವಾಗಿಯೂ ಮಾತಾಡಬಲ್ಲೆ. ಫೋನಿಟ್ಟಾಗ ಅಮ್ಮ ಬೀನ್ಸ್ ಮುರಿಯುತ್ತಾ, “ಎಷ್ಟ್ ಚಂದ ಹೇಳುಕ್ ಬತ್ತ್ ನಿಂಗೆ” ಎಂದಳು. ಹೊಗಳಿದಳೋ ಏನೋ, ಮುಖ ನೋಡಿ ತಿಳಿಯಲಿಲ್ಲ. ಎದುರು ಕೂತು ನಾನೂ ನಾಲ್ಕು ಬೀನ್ಸ್ ಮುರಿದೆ. ಆಮೇಲೆ ಕೇಳಿದೆ:

“ಅಮ್ಮ, ಅವತ್ ಬಸ್ಸಲ್ ನೀ ನನ್ ಮಾತ್ ಒಪ್ಪಿದ್ಯಾ, ನನ್ ಬಾಯಿಗ್ ಹೆದ್ರಿ ಸುಮ್ನಾದ್ಯಾ?”