ಒಳಗಿದ್ದವರಿಗೆ ಮಾತ್ರ ಒಳಗೆ ಪ್ರವೇಶ

ಗೋಡೆಗೆ ಮೊಳೆ ಹೊಡೆಯಲು ಹೋಗಿ ಬೆರಳು ಜಜ್ಜಿಕೊಳ್ಳುವ ಪೈಕಿ ನಾನು. ಮನೆಯ ನಲ್ಲಿ ಸೋರಿದರೆ ಅತ್ತೆ ಪ್ಲಂಬರನ್ನು ಕರೆಯುತ್ತಾರೆಯೇ ಹೊರತು ಅಳಿಯನನ್ನು ಕರೆಯುವುದಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ಆದರೆ ವೆಬ್‌ಸೈಟಿಗೆ ಬಾಗಿಲು ಇಡುವ ಮಾತು ಬಂದಿತೋ, ಅಲ್ಲಿ ನಾನೇ ಮಹಾರಾಜ! ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊಸ್ತಿಲಲ್ಲೇ ತಡೆಯಬೇಕು, ಬಂದವರನ್ನು ಯಾವ ಕೋಣೆಗೆ ಕರೆದೊಯ್ಯಬೇಕು, ಇದೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಸಂಬಳ ಕೊಟ್ಟು ನನ್ನಿಂದ ಆಫೀಸಿನವರು ಮಾಡಿಸುವುದೇ ಈ ಕೆಲಸವನ್ನು. ಹೀಗಿರುವಾಗ ಸ್ವಂತ ಹೆಂಡತಿಯ ಹೊಲಿಗೆ ಅಂಗಡಿಗೆ ಒಂದು ಸೈಟು ಕಟ್ಟಿಕೊಡಲಾರೆನೇ?

ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂರುವ ಅತ್ತೆ. ಕಂಡವರ ಪ್ಯಾಂಟಿನ ಜಿಪ್ಪು ಬದಲಿಸಿ, ಉದ್ದ ಇಳಿಸಿ, ಬಿಗಿಯಾದದ್ದನ್ನು ಸಡಿಲಿಸಿ ನನ್ನ ಹೆಂಡತಿ ಬೇಸತ್ತಿದ್ದಳು. ಅಂಥ ಹೊತ್ತಿನಲ್ಲಿ ಒಂದು ನರ್ಸಿಂಗ್ ಹೋಮಿನವರು ತಮ್ಮ ಸಿಬ್ಬಂದಿಗೆಲ್ಲ ಹೊಸ ಸಮವಸ್ತ್ರ ಹೊಲಿಸಬೇಕೆಂದಿದ್ದಾರೆ ಎಂಬ ಸುದ್ದಿ ಬಂತು. ಇವಳು ಹೋಗಿ ಮಾತಾಡಿದಳು. ಬಗ್ಗಿದಾಗ ಪೆನ್ನು ಎಲ್ಲಿ ಚುಚ್ಚುತ್ತದೆ, ಕತ್ತರಿ ಯಾವ ಜೇಬಿನಿಂದ ಜಾರುತ್ತದೆ ಎಂದು ನರ್ಸುಗಳನ್ನೇ ಕೇಳಿಕೊಂಡು ಬಂದು, ಬಿಚ್ಚಿ ಹೊಲಿದು ಬಿಚ್ಚಿ ಹೊಲಿದು ಮೂರು ಸ್ಯಾಂಪಲ್ ಸಿದ್ಧಮಾಡಿದಳು. ಶನಿವಾರದ ಮೀಟಿಂಗಿನಲ್ಲಿ ಅವರು ಒಪ್ಪಿದರೆ ಬೀದಿಯ ತುದಿಯಲ್ಲಿ ಖಾಲಿ ಬಿದ್ದಿರುವ ಮಳಿಗೆ ಹಿಡಿದು ಎರಡನೇ ಯಂತ್ರ ಹಾಕಬಹುದು. ಒಪ್ಪದಿದ್ದರೆ ಆರ್ಡರು ರೆಡಿಮೇಡ್ ಅಂಗಡಿಯವನಿಗೆ, ಇವಳಿಗೆ ಮತ್ತೆ ಜಿಪ್ಪು.

ಆಯ್ಕೆ ಮಾಡಬೇಕಾದವರು ಅಲ್ಲಿನ ಮ್ಯಾನೇಜರು. ನಗುವುದೆಂದರೆ ಮೈಮೇಲೆ ಖರ್ಚು ಬಂದಂತೆ ನೋಡುವ ಮನುಷ್ಯ. ನಮ್ಮ ಮನೆಯೊಳಗೆ ಅವರಿಗೆ ಗಂಟುಮೋರೆ ಸಾಹೇಬರು ಎಂದು ಹೆಸರಾಗಿತ್ತು.

"ಸ್ಯಾಂಪಲ್ ಫೋಟೋ ತೆಗೆದು ಫೋನಲ್ಲಿ ಕಳಿಸಿಬಿಡ್ತೀನಿ ರೀ," ಎಂದಳು ಹೆಂಡತಿ.

"ಫೋಟೋನಾ? ಇಷ್ಟು ದೊಡ್ಡ ಆರ್ಡರಿಗೆ ಬರೀ ಫೋಟೋ ಕಳಿಸ್ತೀಯಾ? ಆ ರೆಡಿಮೇಡಿನೋನು ನೋಡಿ ಕಾಪಿ ಹೊಡೆದ್ರೆ? ಒಂದು ಸೈಟ್ ಇರ್ಬೇಕು. ಗಿರಾಕಿ ಲಾಗಿನ್ ಆಗ್ಬೇಕು. ಆಮೇಲೇ ಮಾಲು ಕಾಣ್ಬೇಕು."

"ಬಾಗಿಲು ತೆಗೆದಿಟ್ಟು ಬನ್ನಿ ಬನ್ನಿ ಅಂದ್ರೇ ಗಿರಾಕಿ ಬರೋದು ಕಷ್ಟ. ನೀವು ಬೀಗ ಹಾಕಿ ಕರೀತೀನಿ ಅಂತೀರಲ್ಲ."

"ಅಳಿಯಂದಿರು ಹೇಳ್ತಿದಾರೆ ಅಂದ್ಮೇಲೆ ಏನೋ ಇರುತ್ತೆ ಬಿಡೇ," ಎಂದರು ಅತ್ತೆ ಸೂಜಿಗೆ ದಾರ ಪೋಣಿಸುತ್ತ. ಆ 'ಏನೋ' ಎಂಬುದರಲ್ಲಿ ನಂಬಿಕೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ನಾನು ನಂಬಿಕೆಯನ್ನಷ್ಟೇ ಕೇಳಿಸಿಕೊಂಡೆ.

ವೆಬ್‌ಸೈಟು ಕಟ್ಟಲು ಫ್ರೇಮ್‌ವರ್ಕ್ ಎಂಬುದೊಂದು ಇರುತ್ತದೆ. ಯಾರೋ ಮೊದಲೇ ಕಟ್ಟಿಟ್ಟ ಮನೆಯ ಚೌಕಟ್ಟು ಎಂದುಕೊಳ್ಳಿ. ಕಂಬ, ಮೆಟ್ಟಿಲು ಎಲ್ಲ ಸಿದ್ಧ. ನಾವು ಬಣ್ಣ ಬಳಿದು ಬಾಗಿಲಿಟ್ಟರೆ ಆಯಿತು. ಆ ಬಾಗಿಲಿಗೆ ಒಬ್ಬ ಕಾವಲುಗಾರನೂ ಪುಕ್ಕಟೆ ಸಿಗುತ್ತಾನೆ. 'ಲಾಗಿನ್ ಆಗದವರು ಯಾವ ಪುಟಕ್ಕೆ ಬಂದರೂ ಹಿಡಿದು ಲಾಗಿನ್ ಪುಟಕ್ಕೆ ಅಟ್ಟು' ಎಂದು ಅವನಿಗೆ ಅಪ್ಪಣೆ ಬರೆದುಕೊಡಬೇಕು. ಹೀಗೆ ಅಟ್ಟುವುದಕ್ಕೆ ನಮ್ಮ ಕಸುಬಿನಲ್ಲಿ ರೀಡೈರೆಕ್ಟ್ ಎನ್ನುತ್ತೇವೆ. ಅಂಜುಬುರುಕರು ಈ ಅಪ್ಪಣೆಯನ್ನು ಒಂದೊಂದೇ ಪುಟ ನೋಡಿ ಕೊಡುತ್ತಾರೆ. ನಾನು ಇಡೀ ಸೈಟಿಗೆ ಒಂದೇ ಏಟಿಗೆ ಕೊಟ್ಟು ಕೈ ತೊಳೆದುಕೊಂಡೆ.

ಇನ್ನೊಂದು ಕೆಲಸವನ್ನೂ ಮಾಡಿದ್ದೆ, ಗುಟ್ಟಾಗಿ. ಬಂದ ಆರ್ಡರುಗಳನ್ನು ನೋಡಿಕೊಳ್ಳಲೆಂದು ಹೆಂಡತಿಗೊಂದು ಪ್ರತ್ಯೇಕ ಪುಟ ಕಟ್ಟಿದ್ದೆನಲ್ಲ, ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿಟ್ಟೆ: 'ಬಂದೆಯಾ ಬಂಗಾರಿ? ನಿನ್ನನ್ನು ನೋಡದೆ ಕಣ್ಣು ಸೋತಿತ್ತು. ಬೇಗ ಕೆಲಸ ಮುಗಿಸು, ಕೈ ಹಿಡಿದುಕೊಂಡು ವಾಕಿಂಗ್ ಹೋಗೋಣ.' ಎದುರಿಗೆ ನಿಂತು ಇಂಥ ಮಾತಾಡಲು ನನಗೆ ಮದುವೆಯಾದಾಗಿನಿಂದ ನಾಲಿಗೆ ಹೊರಳಿಲ್ಲ. ಮೊದಲ ಆರ್ಡರ್ ಬಂದ ದಿನ ಅವಳು ಲಾಗಿನ್ ಆಗಿ ಇದನ್ನು ಓದಿ ಬೆರಗಾಗಲಿ ಎಂಬುದು ನನ್ನ ಆಸೆ. ಕಟ್ಟುವಾಗೆಲ್ಲ ಪರೀಕ್ಷೆಗೆಂದು ಅವಳ ಹೆಸರಿನಲ್ಲೇ ಲಾಗಿನ್ ಆಗಿರುತ್ತಿದ್ದೆ. ಆದ ಕೂಡಲೇ ನೇರ ಈ ಪುಟಕ್ಕೇ ಹೋಗಲಿ ಎಂದು ಒಂದು ಸಾಲು ಸೇರಿಸಿಕೊಂಡಿದ್ದೆ, ಹುಡುಕುವ ತಾಪತ್ರಯ ಯಾಕೆಂದು. ಕಾವಲುಗಾರನನ್ನು ನೇಮಿಸಿದ್ದು ಕಟ್ಟಕಡೆಗೆ. ಅಷ್ಟರಲ್ಲಿ ನಾನು ಒಳಗಿದ್ದೆ.

ಶುಕ್ರವಾರ ಸಂಜೆ ಪ್ರದರ್ಶನ ಏರ್ಪಡಿಸಿದೆ. ಪ್ರೇಕ್ಷಕರು ಇಬ್ಬರು. ನನ್ನ ಲ್ಯಾಪ್‌ಟಾಪಿನಲ್ಲಿ ಸೈಟಿನ ವಿಳಾಸ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಯಾಂಪಲ್ಲುಗಳು ಸಾಲಾಗಿ ಬಂದು ನಿಂತವು.

"ಚೆನ್ನಾಗಿದೆ," ಎಂದಳು ಹೆಂಡತಿ. "ಆದ್ರೆ ಲಾಗಿನ್ ಕೇಳ್ಲೇ ಇಲ್ವಲ್ಲ?"

"ನನ್ನ ಗುರುತು ಅದಕ್ಕಿದೆ ಕಣೇ. ನಾನು ಒಳಗಿನವನು."

"ಗುರುತಿಲ್ಲದವರು ಬಂದ್ರೆ?"

"ಮರ್ಯಾದೆಯಿಂದ ಬಾಗಿಲು ತೋರಿಸುತ್ತೆ."

"ಒಂದ್ಸಲ ಹೊರಗಿನವರ ಥರ ಬಂದು ನೋಡಿದ್ರಾ?"

"ನನ್ನ ಮನೆಗೆ ನಾನು ಹೊರಗಿನವನ ಥರ ಯಾಕೆ ಬರಲಿ?" ಎಂದು ಲ್ಯಾಪ್‌ಟಾಪ್ ಮುಚ್ಚಿ, ಸೈಟಿನ ವಿಳಾಸವನ್ನೂ ಒಂದು ಲಾಗಿನ್ ಹೆಸರನ್ನೂ ಗಂಟುಮೋರೆ ಸಾಹೇಬರಿಗೆ ಕಳಿಸಿದೆ.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವು. ಹೆಂಡತಿಯ ಫೋನು ಬಡಿದುಕೊಂಡಿತು. ಗಂಟುಮೋರೆ ಸಾಹೇಬರು.

"ಏನ್ರೀ ನಿಮ್ಮ ಸೈಟು ತೆರೆಯೋದೇ ಇಲ್ಲ. ಬಿಳೀ ಪರದೆ, ಮೇಲೊಂದು ಚಕ್ರ. ಸುತ್ತುತ್ತೆ, ಸುತ್ತುತ್ತೆ, ಸುತ್ತುತ್ತಾನೇ ಇದೆ."

ನಾನು ಫೋನ್ ಕಸಿದುಕೊಂಡೆ. "ಸರ್, ಅದು ನಿಮ್ಮ ಕಡೆಯ ತೊಂದರೆ. ಫೋನ್ ಆಫ್ ಮಾಡಿ ಆನ್ ಮಾಡಿ."

ಮಾಡಿ, ಮತ್ತೆ ಫೋನ್ ಹಚ್ಚಿದರು. ಸುತ್ತಿತು. ನೆಟ್‌ವರ್ಕ್ ಸರಿಯಿಲ್ಲ, ಟೆರೇಸಿಗೆ ಹೋಗಿ ನೋಡಿ ಎಂದೆ. ಪಾಪ, ಹತ್ತಿ ಹೋದರು. ಅವರ ಏದುಸಿರು ಫೋನಿನಲ್ಲಿ ಕೇಳಿಸುತ್ತಿತ್ತು. ಅಲ್ಲೂ ಸುತ್ತಿತು. ಕೊನೆಗೆ 'ಈ ಪುಟ ಸರಿಯಾಗಿ ದಾರಿ ತೋರಿಸುತ್ತಿಲ್ಲ' ಎಂದು ಬಂತಂತೆ. "ಸರ್, ಫೋನ್ ಹಳೇದಾಗಿರಬೇಕು, ಕಂಪ್ಯೂಟರಲ್ಲಿ ನೋಡಿ," ಎಂದೆ, ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲದೆ.

ಅಷ್ಟರಲ್ಲಿ ಅತ್ತೆ ತಮ್ಮ ಫೋನ್ ಹಿಡಿದುಕೊಂಡು ಬಂದರು. "ಅಳಿಯಂದಿರೇ, ನನ್ನದರಲ್ಲೂ ಸುತ್ತುತ್ತಿದೆ. ನನ್ನ ಫೋನು ನೀವೇ ಮೊನ್ನೆ ಕೊಡಿಸಿದ್ದು, ಹೊಸದು."

ಹೊಸ ಫೋನಿಗೆ ಆ ನೆಪ ನಡೆಯುವಂತಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಕಾವಲುಗಾರನ ಅಪ್ಪಣೆ ಓದಿದೆ. 'ಯಾವ ಪುಟಕ್ಕೆ ಬಂದರೂ' ಎಂದಿದ್ದೆ. ಲಾಗಿನ್ ಪುಟವೂ ಒಂದು ಪುಟವೇ ಅಲ್ಲವೇ? ಸ್ವಾಮಿನಿಷ್ಠ ಕಾವಲುಗಾರ, ಲಾಗಿನ್ ಪುಟಕ್ಕೆ ಬಂದವರನ್ನೂ ತಡೆದು, "ಲಾಗಿನ್ ಆಗಿಲ್ಲ, ಲಾಗಿನ್ ಪುಟಕ್ಕೆ ಹೋಗು" ಎಂದು ಅದೇ ಪುಟಕ್ಕೆ ಅಟ್ಟುತ್ತಿದ್ದ. ಅಲ್ಲಿ ಮತ್ತೆ ತಡೆದು ಮತ್ತೆ ಅಲ್ಲಿಗೇ ಅಟ್ಟುತ್ತಿದ್ದ. ಮ್ಯಾನೇಜರು ಟೆರೇಸಿಗಲ್ಲ, ಚಂದ್ರನ ಮೇಲಕ್ಕೆ ಹೋಗಿದ್ದರೂ ಸುತ್ತುತ್ತಲೇ ಇರಬೇಕಿತ್ತು.

"ಅಂದ್ರೆ ಒಳಗಿದ್ದವರಿಗೆ ಮಾತ್ರ ಒಳಗೆ ಪ್ರವೇಶ ಅಂತ ಬೋರ್ಡ್ ಹಾಕಿದೀರಿ," ಎಂದಳು ಹೆಂಡತಿ.

"ಸಣ್ಣ ವಿಷಯ. ಒಂದು ಸಾಲು. ಈಗ ನೋಡು," ಎಂದು 'ಲಾಗಿನ್ ಪುಟವೊಂದನ್ನು ಬಿಟ್ಟು' ಎಂದು ಸೇರಿಸಿದೆ.

"ಈ ಸಲ ಹೊರಗಿಂದ ಬಂದು ನೋಡಿ."

ನೋಡಿದೆ. ಲಾಗೌಟ್ ಆದೆ. ಬಾಗಿಲು ಕಂಡಿತು. ಬೆರಳಿಗೆ ರೂಢಿಯಾಗಿದ್ದ ಹೆಂಡತಿಯ ಹೆಸರನ್ನೇ ಒತ್ತಿದೆ. 'ಬಂದೆಯಾ ಬಂಗಾರಿ' ಎಂದು ನನ್ನ ಪುಟ ನನ್ನನ್ನು ಅಕ್ಕರೆಯಿಂದ ಕರೆಯಿತು. ಅವಳಿಗೆ ಕಾಣದಂತೆ ಪರದೆಯನ್ನು ಅತ್ತ ತಿರುಗಿಸಿ, "ಎಲ್ಲ ಸರಿಹೋಯ್ತು, ಸಾಹೇಬರಿಗೆ ಹೇಳು," ಎಂದು ಕಾಲ ಮೇಲೆ ಕಾಲು ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಹೆಂಡತಿ ಸ್ಪೀಕರ್ ಹಾಕಿದಳು.

"ತೆರೀತು," ಎಂದರು ಸಾಹೇಬರು. ದನಿ ಯಾಕೋ ಸಣ್ಣಗಾಗಿತ್ತು. "ಮೀಟಿಂಗ್ ನಡೀತಿದೆ. ನಿಮ್ಮ ಸೈಟನ್ನ ಗೋಡೆ ಮೇಲೆ ದೊಡ್ಡದಾಗಿ ಹಾಕಿದೀವಿ. ಡಾಕ್ಟರಮ್ಮ ಇದಾರೆ, ನರ್ಸುಗಳೆಲ್ಲ ಇದಾರೆ. ಆದ್ರೆ ಸ್ಯಾಂಪಲ್ ಇಲ್ಲ. ಬೇರೇನೋ ಬರೆದಿದೆ."

"ಏನು ಬರೆದಿದೆ ಸರ್?" ಎಂದೆ ನಾನು.

"ಓದಲೇಬೇಕಾ?"

"ಓದಿದ್ರೆ ತಾನೆ ಸರ್ ನಮಗೆ ಗೊತ್ತಾಗೋದು?"

ಅವರು ಗಂಟಲು ಸರಿಮಾಡಿಕೊಂಡರು. ಸುತ್ತೋಲೆ ಓದುವ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಓದಿದರು. "ಬಂದೆಯಾ. ಬಂಗಾರಿ. ನಿನ್ನನ್ನು. ನೋಡದೆ. ಕಣ್ಣು ಸೋತಿತ್ತು." ಹಿಂದಿನಿಂದ ಯಾರೋ ಕಿಸಕ್ಕೆಂದರು. "ಮುಂದೆ ವಾಕಿಂಗ್ ವಿಷಯ ಇದೆ. ಕೈ ಹಿಡಿದುಕೊಂಡು ಅಂತ ಇದೆ. ಅದನ್ನೂ ಓದಲಾ?"

ಹಿಂದಿನ ಕಿಸಕ್ಕು ಈಗ ಗೊಳ್ಳೆಂದಿತು. ಫೋನ್ ಕಟ್ಟಾಯಿತು.

ಹೆಂಡತಿ ನನ್ನತ್ತ ತಿರುಗಿದಳು. "ಇದನ್ನ ಬರೆದಿದ್ದು ಯಾರಿಗೆ?"

"ನಿನಗೇ ಕಣೇ."

"ತಲುಪಿದ್ದು ಯಾರಿಗೆ?"

ನನಗೆ ಆಗ ಹೊಳೆಯಿತು. ಯಾರೇ ಲಾಗಿನ್ ಆದರೂ ಅವರನ್ನು ಬಂಗಾರಿಯ ಪುಟಕ್ಕೇ ಅಟ್ಟುವ ಆ ಒಂದು ಸಾಲನ್ನು ಅಳಿಸಲು ಮರೆತಿದ್ದೆ. ಬೇರೆ ದಿನವಾಗಿದ್ದರೆ ಏನಾದರೂ ಜಂಬದ ಮಾತಾಡಿ ಜಾರಿಕೊಳ್ಳುತ್ತಿದ್ದೆ. ಅವಳು ಸ್ಯಾಂಪಲ್ಲುಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕತೊಡಗಿದಳು. ಕತ್ತರಿ ಜಾರದ ಆ ಜೇಬಿಗಾಗಿ ಅವಳು ಎಷ್ಟು ಸಲ ಹೊಲಿಗೆ ಬಿಚ್ಚಿದ್ದಳೆಂದು ನನಗೆ ಗೊತ್ತಿತ್ತು. ನಿಜಕ್ಕೂ ನಾಚಿಕೆಯಾಯಿತು.

"ಈಗಲೇ ಸರಿ ಮಾಡ್ತೀನಿ, ಒಂದೇ ಸಾಲು..."

"ಮುಟ್ಟಬೇಡಿ. ನಾನೇ ತಗೊಂಡು ಹೋಗಿ ತೋರಿಸ್ತೀನಿ. ನೀವು ಎದ್ದು ಹೊರಗೆ ಎಲ್ಲಾದ್ರೂ ಒಂದು ಸುತ್ತು ಹಾಕಿ ಬನ್ನಿ. ಕಂಪ್ಯೂಟರ್ ಇರೋ ಕಡೆ ನೀವು ಇರಬೇಡಿ."

ಅವಳ ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ನಾನು ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೆ. ಜೋಡಿಸುತ್ತ ಹೋದಂತೆ ಅವು ತಾವಾಗಿಯೇ, ಸೈಟಿನ ವಿನ್ಯಾಸವಂತೂ ಅದ್ಭುತವಾಗಿತ್ತು ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದವು. ಸ್ವಭಾವ, ಏನು ಮಾಡುವುದು?

ಸಂಜೆ ಮನೆಗೆ ಬಂದಾಗ ಅವಳ ಸ್ಕೂಟರು ನಿಂತಿತ್ತು. ಪಕ್ಕದಲ್ಲೊಂದು ಬೂದು ಬಣ್ಣದ ಕಾರು. ಪಕ್ಕದ ಮನೆಗೆ ನೆಂಟರು ಬಂದಿರಬೇಕೆಂದುಕೊಂಡೆ. ಮುಂಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದೆ.

"ಯಾರು?" ಹೆಂಡತಿಯ ದನಿ.

"ನಾನು ಕಣೇ."

"ನಾನು ಅನ್ನೋರೆಲ್ಲ ಇಲ್ಲಿ ಒಳಗೆ ಬರೋ ಹಾಗಿಲ್ಲ. ಲಾಗಿನ್ ಆಗಿದೀರಾ?"

"ತಮಾಷೆ ಸಾಕು. ಆರ್ಡರ್ ಏನಾಯ್ತು?"

"ಅದು ಒಳಗಿನವರಿಗೆ ಮಾತ್ರ ಕಾಣೋ ವಿಷಯ. ಲಾಗಿನ್ ಹಿತ್ತಲ ಬಾಗಿಲಲ್ಲಿ. ಆ ಕಡೆ ಹೋಗಿ."

ಹಿತ್ತಲಿಗೆ ಹೋದೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಕಂಡಿತು.

"ಅತ್ತೆ, ಬಾಗಿಲು ತೆಗೀರಿ."

"ಮುಂಬಾಗಿಲಿಂದ ಒಳಗೆ ಬಂದೋರಿಗೆ ಮಾತ್ರ ಹಿತ್ತಲ ಬಾಗಿಲು ತೆಗೀಬೇಕಂತೆ. ಮುಂದೆ ಹೋಗಿ ಅಳಿಯಂದಿರೇ. ನನಗೇನು ಗೊತ್ತಾಗುತ್ತೆ, ಅವಳು ಹೇಳಿದ್ದು."

ಮುಂದೆ ಬಂದೆ. ಹಿಂದೆ ಕಳಿಸಿದಳು. ಹಿಂದೆ ಹೋದೆ. ಅತ್ತೆ ಮುಂದಕ್ಕೆ ಕಳಿಸಿದರು. ಎದುರು ಮನೆಯಾತ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ. "ಇಲ್ಲ, ವ್ಯಾಯಾಮ," ಎಂದೆ. ಕೊನೆಗೆ ಮುಂಬಾಗಿಲಿಗೆ ಒರಗಿ ನಿಂತು, "ಸೋತೆ ಕಣೇ. ಹೊರಗಿನವನಾಗಿ ಬಂದು ನೋಡಿದ್ದಾಯ್ತು. ಏನು ಮಾಡ್ಬೇಕು ಹೇಳು," ಎಂದೆ.

"ಪಾಸ್‌ವರ್ಡ್ ಹೇಳಿ."

"ಯಾವ ಪಾಸ್‌ವರ್ಡ್?"

"ಗೋಡೆ ಮೇಲೆ ಬರೆದಿತ್ತಲ್ಲ, ಅದು. ಪೂರ್ತಿ. ಜೋರಾಗಿ. ಊರಿಗೆಲ್ಲ ಕೇಳಿಸಿದೀರಿ, ನನ್ನೊಬ್ಬಳಿಗೆ ಮಾತ್ರ ನಿಮ್ಮ ಬಾಯಿಂದ ಕೇಳ್ಸಿಲ್ಲ."

ಅವಳು ಹೇಳಿದ್ದು ನ್ಯಾಯವಾಗಿತ್ತು. ಎದುರು ಮನೆಯಾತ ಕೊಳವೆ ಹಿಡಿದು ನೋಡುತ್ತಿದ್ದ. ನೋಡಲಿ ಎಂದುಕೊಂಡು ಕಣ್ಣು ಮುಚ್ಚಿದೆ. ಎರಡೂ ಕೈ ಮುಂದೆ ಚಾಚಿದೆ. ಇಷ್ಟು ವರ್ಷ ಹೊರಳದ ನಾಲಿಗೆ ಅದೆಲ್ಲಿತ್ತೋ ಹೊರಳಿತು.

"ಬಂದೆಯಾ ಬಂಗಾರಿ? ನಿನ್ನನ್ನು ನೋಡದೆ ಕಣ್ಣು ಸೋತಿತ್ತು. ಬೇಗ ಕೆಲಸ ಮುಗಿಸು, ಕೈ ಹಿಡಿದುಕೊಂಡು ವಾಕಿಂಗ್ ಹೋಗೋಣ!"

ಚಿಲಕ ಸರಿಯಿತು. ಬಾಗಿಲು ತೆರೆಯಿತು. ಕಣ್ಣು ಬಿಟ್ಟೆ. ಎದುರಿಗೆ, ಒಂದು ಕೈಯಲ್ಲಿ ಕಾಫಿ ಲೋಟ, ಕೊರಳಲ್ಲಿ ನನ್ನ ಹೆಂಡತಿಯ ಅಳತೆ ಟೇಪು, ಗಂಟುಮೋರೆ ಸಾಹೇಬರು ನಿಂತಿದ್ದರು. ಅವರ ಬೆನ್ನ ಹಿಂದೆ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಸಾಹೇಬರು ನನ್ನ ಚಾಚಿದ ಕೈಗಳನ್ನು ನೋಡಿದರು. ಆ ಮೋರೆಯ ಗಂಟು ಸಡಿಲವಾದದ್ದನ್ನು ನಾನು ನನ್ನ ಕಣ್ಣಾರೆ ಕಂಡೆ.

"ಆ ಜೇಬು ನಮ್ಮ ನರ್ಸುಗಳಿಗೆಲ್ಲ ಹಿಡಿಸಿಬಿಟ್ಟಿದೆ," ಎಂದರು. "ಆರ್ಡರ್ ನಿಮ್ಮ ಮನೆಯವರಿಗೇ ಕೊಟ್ಟಿದ್ದಾಯ್ತು. ನನ್ನ ಕೋಟಿಗೂ ಅಳತೆ ಕೊಟ್ಟೆ. ವಾಕಿಂಗಿಗೆ ಮಾತ್ರ ನನ್ನ ಕಾಯಬೇಡಿ ಸ್ವಾಮಿ, ಟೆರೇಸ್ ಹತ್ತಿ ಇಳಿದು ಮಂಡಿ ಹಿಡಿದುಕೊಂಡಿದೆ."