ಮಾತು ಬಿಟ್ಟವಳಿಗೆ ಮತ ಕೇಳಿದ್ದು

ಮಾತಿನಲ್ಲಿ ಜಾಣರಾದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಮಾತು ಬಿಡುವುದರಲ್ಲಿ ಜಾಣರಾದವರನ್ನು ನೋಡಬೇಕೆಂದರೆ ಮಾತ್ರ ನೀವು ಚಳ್ಳಕೆರೆಗೆ, ನಮ್ಮ ಮನೆಗೇ ಬರಬೇಕು.

ಅವರು ನನ್ನ ಗಂಡನ ಸೋದರತ್ತೆ. ನಮ್ಮ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ಇರುತ್ತಾರೆ. ನಾನೂ ಅತ್ತೆ ಎಂದೇ ಕರೆಯುತ್ತೇನೆ. ಅವರು ಯಾರ ಜೊತೆಗಾದರೂ ಮಾತು ಬಿಟ್ಟರೆ ಅದನ್ನು ಜಗಳ ಎಂದುಕೊಳ್ಳಬೇಡಿ, ಅದೊಂದು ವ್ರತ. ಅದಕ್ಕೆ ನೇಮಗಳಿವೆ. ಬೈಯುವಂತಿಲ್ಲ. ಎದುರಿಗೆ ಸಿಕ್ಕರೆ ಮುಖ ತಿರುಗಿಸುವಂತಿಲ್ಲ. ಅವರ ಮನೆಯ ಮದುವೆಗೆ ಹೋಗಿ ಉಂಡೇ ಬರಬೇಕು. ನೇರವಾಗಿ ಒಂದಕ್ಷರ ಮಾತ್ರ ಆಡಕೂಡದು. ನಮ್ಮ ಬೀದಿಯ ಬೇಕರಿಯವನ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತು. ಬನ್ನು ಮಾತ್ರ ಈಗಲೂ ಅಲ್ಲೇ ಬೇಕು. ಗಾಜಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆತನೂ ಬನ್ನನ್ನು ಅಷ್ಟೇ ಮೌನವಾಗಿ ಕಟ್ಟಿಕೊಡುತ್ತಾನೆ. ಅದನ್ನು ನೋಡಿದರೆ ನನಗೆ ನಾನು ಓದಿದ ದಾವಣಗೆರೆಯ ಕಾನ್ವೆಂಟಿನ ಪ್ರಾರ್ಥನಾ ಮಂದಿರದ ನೆನಪಾಗುತ್ತದೆ.

ಎದುರುಮನೆ ಅಕ್ಕನ ಜೊತೆ ಮಾತು ಬಿಟ್ಟು ಎಂಟು ವರ್ಷ. ಅದಕ್ಕೆ ಮುಂಚೆ ಆಕೆ ಅತ್ತೆಯನ್ನು 'ದೊಡ್ಡಮ್ಮ, ದೊಡ್ಡಮ್ಮ' ಎಂದು ಕರೆಯುತ್ತ ನಮ್ಮ ಅಡುಗೆಮನೆಯಲ್ಲೇ ಇರುತ್ತಿದ್ದಳಂತೆ. ಕಾರಣ ಒಂದು ಕೊಡ. ನಮ್ಮ ಬೀದಿಯ ಮೂಲೆಯ ನಲ್ಲಿಯಲ್ಲಿ ನೀರು ಬರುವ ದಿನ ಹೆಂಗಸರ ಬದಲಿಗೆ ಕೊಡಗಳು ಸಾಲು ನಿಲ್ಲುತ್ತವೆ. ಅತ್ತೆ ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರ ಕೊಡ ಎರಡು ಸ್ಥಾನ ಹಿಂದೆ ಇತ್ತು. ಅಲ್ಲಿ ನಿಂತಿದ್ದವಳು ಎದುರುಮನೆ ಅಕ್ಕ. ಮುಗಿಯಿತು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ನೇರ ತೀರ್ಪು.

ಇಂಥ ಅತ್ತೆ ಪಕ್ಷದ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಯಾವ ಪಕ್ಷ ಎಂದು ಹೇಳುವುದಿಲ್ಲ, ನನ್ನ ಗಂಡನದು ಬೇರೆ ಪಕ್ಷ. ಮನೆಯಲ್ಲಿ ನೆಮ್ಮದಿ ಇರಲಿ.

ಆ ಸಲ ನಗರಸಭೆ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಟಿಕೆಟ್ ಕೇಳಿದವರು ಇಬ್ಬರು. ಒಬ್ಬರು ಅತ್ತೆಯ ಪ್ರಾಣಸ್ನೇಹಿತೆ, ನಿವೃತ್ತ ಟೀಚರಮ್ಮ. ಇನ್ನೊಬ್ಬಳು, ನೀವು ಊಹಿಸಿದ ಹಾಗೆ, ಎದುರುಮನೆ ಅಕ್ಕ. ಪಕ್ಷದ ದೊಡ್ಡವರು ತಮಗೆ ತಲೆನೋವು ಬೇಡವೆಂದು "ವಾರ್ಡಿನ ಕಾರ್ಯಕರ್ತರೇ ಚೀಟಿ ಹಾಕಿ ಆರಿಸಿಕೊಳ್ಳಿ" ಎಂದುಬಿಟ್ಟರು. ಚೀಟಿ ಹಾಕಲು ಡಬ್ಬ ಬೇಕಲ್ಲ? ಅತ್ತೆ ತಮ್ಮ ಮಂಡಕ್ಕಿಯ ಸ್ಟೀಲ್ ಡಬ್ಬವನ್ನು ತೊಳೆದು, ಒರೆಸಿ, ಸೆರಗಿನಲ್ಲಿ ಮುಚ್ಚಿಕೊಂಡು ಕಾರ್ಯಕರ್ತರ ಸಭೆಗೆ ಹೋದರು.

ಅಲ್ಲಿ ಅವರು ಒಂದು ಕೆಲಸ ಮಾಡಿದರು. ಚೀಟಿ ಹಾಕುವ ಮುಂಚೆ ಎಲ್ಲರ ಕೈಯನ್ನೂ ಡಬ್ಬದ ಮೇಲೆ ಇಡಿಸಿದರು.

"ಯಾರ ಹೆಸ್ರು ಬರ್ಲಿ, ಸೋತೋರು ಗೆದ್ದೋರ ಹಿಂದೆ ನಿಂತು ದುಡೀಬೇಕು. ಆಮೇಲೆ ಹೊಟ್ಟೆನೋವು ತಲೆನೋವು ಅನ್ನಂಗಿಲ್ಲ. ಮೊದ್ಲು ನಾನು ಕೈ ಇಡ್ತೀನಿ, ನೋಡ್ರಿ."

ಟೀಚರಮ್ಮ ಗೆಲ್ಲುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಎದುರುಮನೆ ಅಕ್ಕನನ್ನು ಕಟ್ಟಿಹಾಕಲು ಹೂಡಿದ ಉಪಾಯ ಅದು. ಚೀಟಿ ಎಣಿಸಿದರು. ಎದುರುಮನೆ ಅಕ್ಕನಿಗೆ ನಾಲ್ಕು ಚೀಟಿ ಜಾಸ್ತಿ.

ಅತ್ತೆ ಖಾಲಿ ಡಬ್ಬ ಹಿಡಿದು ಮನೆಗೆ ಬಂದರು. ಮಂಡಕ್ಕಿಯನ್ನು ವಾಪಸು ತುಂಬಲಿಲ್ಲ. ಡಬ್ಬವನ್ನು ಬೋರಲು ಹಾಕಿ ಅದರ ಎದುರು ಕೂತರು. ನಾನು ಟೀ ಕೊಟ್ಟೆ.

"ನನ್ನ ಡಬ್ಬದಾಗಿಂದ್ಲೇ ಗೆದ್ದಳಲ್ಲ, ಕಾನ್ವೆಂಟು," ಎಂದರು. ಕಾನ್ವೆಂಟು ಎಂದರೆ ನಾನು. ಮದುವೆಯಾದಾಗಿನಿಂದ ನನ್ನ ಹೆಸರು ಅದೇ.

"ಹೋಗ್ಲಿ ಬಿಡ್ರಿ ಅತ್ತೆ. ಈ ಸಲ ಮನೇಲಿ ಆರಾಮಾಗಿರಿ."

"ಕೈ ಇಟ್ಟಿದೀನಿ."

"ಹಾಗಾದ್ರೆ ಅವರ ಜೊತೆ ಮಾತಾಡ್ತೀರಾ?"

ನನ್ನನ್ನು ನೋಡಿದ ನೋಟದಲ್ಲಿ, ಇಷ್ಟು ಓದಿದ ಹುಡುಗಿಗೆ ಇಷ್ಟೂ ತಿಳಿಯದೇ ಎಂಬ ಮರುಕವಿತ್ತು.

ಅಷ್ಟರಲ್ಲಿ ಟೀಚರಮ್ಮ ಮುನಿಸಿಕೊಂಡು ಮೊಳಕಾಲ್ಮೂರಿನ ತಮ್ಮನ ಮನೆಗೆ ಹೋಗಿದ್ದರು. ಪಕ್ಷೇತರರಾಗಿ ನಿಲ್ಲುತ್ತಾರಂತೆ ಎಂಬ ಸುದ್ದಿ ಬಂತು. ಮರುದಿನವೇ ಅತ್ತೆ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದರು. ತಮ್ಮನ ಮನೆಯ ನಡುಮನೆಯಲ್ಲಿ ಮಗ್ಗ. ಮಾತಿನ ನಡುವೆ ಅದರ ಟಕಟಕ. ತಮ್ಮನ ಹೆಂಡತಿ ತೆಲುಗಿನಲ್ಲಿ "ರಾ ಅಕ್ಕಾ, ಕೂರ್ಚೋ" ಎಂದು ಚಾಪೆ ಹಾಸಿದಳು. ಟೀಚರಮ್ಮನ ಕಣ್ಣು ಕೆಂಪಗಿದ್ದವು. ಕನ್ನಡಕ ಒರೆಸುತ್ತಲೇ ಕೇಳಿದರು.

"ನಾನು ನಿಲ್ತೀನಿ ಕಣೆ. ನೀನು ನನ್ನ ಜೊತೆ ಬರ್ತೀಯ ತಾನೇ?"

"ಡಬ್ಬದ ಮೇಲೆ ನೀನೂ ಕೈ ಇಟ್ಟಿದೀಯ."

"ಅವಳ ಜೊತೆ ನಿಂಗೆ ಎಂಟು ವರ್ಷದಿಂದ ಮಾತಿಲ್ಲ. ಅವಳ ಪರ ಓಟು ಕೇಳ್ತೀಯೇನು?"

"ನಾನು ಮಾತು ಬಿಟ್ಟಿರೋದು ಅವಳ ಜೊತೆ. ಪಕ್ಷದ ಜೊತೆ ಅಲ್ಲ."

ಮಗ್ಗ ನಿಂತಿತು. ನೇಯುತ್ತಿದ್ದ ತಮ್ಮ ಈ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕೆಂದು ನಿಲ್ಲಿಸಿರಬೇಕು. ಟೀಚರಮ್ಮ ಕನ್ನಡಕ ಹಾಕಿಕೊಂಡು, "ನಿಲ್ಲಲ್ಲ, ಹೋಗು. ಆದ್ರೆ ಅವಳ ಪರ ಬೀದಿ ಸುತ್ತೋಕೆ ನನ್ನ ಕರೀಬೇಡ" ಎಂದರು. ಅತ್ತೆ ಅಷ್ಟು ಸಾಕೆಂದು ಎದ್ದರು. ವಾಪಸು ಬರುವಾಗ ಬಿ.ಜಿ. ಕೆರೆ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ, ಯಾರಿಗೋ ಎಂಬಂತೆ, "ಅವಳು ನಿಂತಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದರು.

ಪ್ರಚಾರ ಶುರುವಾಯಿತು. ನಾನು ಏಕೆ ಅದರಲ್ಲಿ ಸಿಕ್ಕಿಕೊಂಡೆ ಎನ್ನುತ್ತೀರಾ? ಅತ್ತೆಯ ಮಾತನ್ನು ಅಭ್ಯರ್ಥಿಗೆ ತಲುಪಿಸಲು ನಡುವೆ ಒಬ್ಬರು ಬೇಕಲ್ಲ!

"ನೀನೇ ಸರಿ. ಬೇರೆಯೋರು ಉಪ್ಪು ಖಾರ ಹಚ್ಚಿ ಹೇಳ್ತಾರೆ. ನೀನು ಕಾನ್ವೆಂಟು, ಹೇಳ್ದಂಗೆ ಹೇಳ್ತೀಯ."

ಹೀಗೆ ಚಳ್ಳಕೆರೆಯ ಬಿಸಿಲಿನಲ್ಲಿ, ಎಣ್ಣೆ ಮಿಲ್ಲಿನ ಕಡಲೆಕಾಯಿ ವಾಸನೆಯಲ್ಲಿ ನಾವು ಮೂವರು ಬೀದಿ ಬೀದಿ ಸುತ್ತಿದೆವು. ಬಲಗಡೆ ಅತ್ತೆ, ಎಡಗಡೆ ಅಭ್ಯರ್ಥಿ, ನಡುವೆ ನಾನು. ಇಬ್ಬರ ನಡುವಿನ ದೂರ ಒಂದು ಮೊಳ.

"ಕಾನ್ವೆಂಟು, ಹೇಳಮ್ಮ ಅವಳಿಗೆ, ಆ ಮನೆಗೆ ಚಪ್ಪಲಿ ಬಿಟ್ಟು ಹೋಗ್ಬೇಕು ಅಂತ."

ಅಕ್ಕ ಆಗಲೇ ಚಪ್ಪಲಿ ಬಿಡುತ್ತಿದ್ದಳು. ಆದರೂ ನಾನು ಹೇಳುವವರೆಗೆ ಕಾದು, "ಆಗ್ಲಿ ಅಂತ ಹೇಳಮ್ಮ ಅವರಿಗೆ" ಎನ್ನುತ್ತಿದ್ದಳು.

"ಸುಟ್ಟ ಬದನೇಕಾಯಿ ಥರ ಮುಖ ಮಾಡ್ಕೊಂಡು ಓಟು ಕೇಳಿದ್ರೆ ನಾಯಿನೂ ಹಾಕಲ್ಲ ಅಂತ ಹೇಳು."

ನಾನು ಅಕ್ಕನ ಕಡೆ ತಿರುಗಿ, "ಸ್ವಲ್ಪ ನಗಬೇಕಂತೆ ಅಕ್ಕ" ಎಂದೆ.

"ಅಷ್ಟೇ ಏನು ನಾನು ಹೇಳಿದ್ದು?" ಎಂದರು ಅತ್ತೆ.

ಅಕ್ಕ ಆಗ ನಿಜವಾಗಿಯೂ ನಕ್ಕಳು. ಆ ಬೀದಿಯಲ್ಲಿ ನಮಗೆ ಚೆನ್ನಾಗಿ ಓಟು ಬಿದ್ದಿರಬೇಕು.

ನನಗೆ ಜ್ವರ ಬಂದು ಒಂದು ದಿನ ಹೋಗಲಾಗಲಿಲ್ಲ. ಹೇಗೆ ನಡೆಯಿತೋ ಎಂದು ಮಲಗಿದಲ್ಲೇ ಚಿಂತೆ. ನಡೆದದ್ದು ಹೀಗಂತೆ: ಒಂದು ಮನೆಯ ಮುಂದೆ ಮೇಕೆ ಕಟ್ಟಿತ್ತು. ಅತ್ತೆ ಅದರ ಮುಂದೆ ನಿಂತು, "ನೋಡವ್ವ ಮೇಕೆ, ಮೊದ್ಲು ಮಿಲ್ಲಿನ ಹಿಂದ್ಲ ಬೀದಿ, ಆಮೇಲೆ ಸಂತೆ ಕಡೆ" ಎಂದರಂತೆ. ಅಭ್ಯರ್ಥಿಯೂ ಮೇಕೆಗೇ, "ಸಂತೆ ಕಡೆ ಮೊದ್ಲು ಹೋದ್ರೆ ಜನ ಸಿಗ್ತಾರೆ ಅಂತ ಹೇಳು" ಎಂದಳಂತೆ. ಮೇಕೆ ಇಬ್ಬರ ಮಾತನ್ನೂ ಸಮಾಧಾನದಿಂದ ಕೇಳಿ, ಅಕ್ಕನ ಕೈಯಲ್ಲಿದ್ದ ಕರಪತ್ರವನ್ನು ತಿಂದಿತಂತೆ. ನನಗಿಂತ ಅದು ಆ ಕೆಲಸಕ್ಕೆ ಹೆಚ್ಚು ಲಾಯಕ್ಕಾಗಿತ್ತೋ ಏನೋ.

ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜ ಒಂದು ದಿನ ನೇರವಾಗಿ ಕೇಳಿಯೇಬಿಟ್ಟ.

"ಅಲ್ಲವ್ವ, ಈಯಮ್ಮನ ಜೊತೆ ನೀನೇ ಮಾತಾಡಲ್ಲ. ನಾವ್ಯಾಕೆ ಓಟು ಹಾಕ್ಬೇಕು?"

ಅಕ್ಕ ಕೈಯಲ್ಲಿದ್ದ ಕರಪತ್ರಗಳ ಅಂಚನ್ನು ಮಡಿಸುತ್ತ ನೆಲ ನೋಡಿದಳು. ಅತ್ತೆ ಮಾತ್ರ ಜಗಲಿಯ ಮೇಲೆ ಕೂತುಕೊಂಡರು.

"ಅದಕ್ಕೇ ಹಾಕ್ಬೇಕು ಕಣಜ್ಜ. ಬೇಕಾದೋರು ಬಂದು ಒಳ್ಳೇಳು ಅಂದ್ರೆ ನಂಬಬ್ಯಾಡ. ನಾನು ಬ್ಯಾಡಾದೋಳು. ಅವಳ ತಪ್ಪೆಲ್ಲ ನನಗೆ ಬಾಯಿಪಾಠ ಐತೆ. ಎಂಟು ವರ್ಷ ಎದುರಿಗೆ ಕೂತು ಎಣಿಸಿದೀನಿ. ಅಷ್ಟೆಲ್ಲ ಗೊತ್ತಿದ್ದೂ ಇವಳೇ ಸರಿ ಅಂತಿದೀನಿ. ನಲ್ಲಿ ಕೆಟ್ರೆ ಮೂರು ದಿನ ಆಫೀಸಿನ ಬಾಗ್ಲು ಬಿಡದೆ ನಿಂತು ರಿಪೇರಿ ಮಾಡ್ಸಿದೋಳು ಇವಳೇ. ನಾನು ನೋಡಿದೀನಿ."

ಅಕ್ಕ ಮುಂದಿನ ಮೂರು ಮನೆಗಳಲ್ಲಿ ಕರಪತ್ರ ಮಾತ್ರ ಕೊಟ್ಟಳು. ನಾಲ್ಕನೆಯ ಮನೆಯ ಹತ್ತಿರ ನನ್ನ ತೋಳು ಹಿಡಿದು ಹೇಳಿದಳು.

"ಹೇಳಮ್ಮ ಅವರಿಗೆ. ಅವತ್ತು ನಾನು ಕೊಡ ಸರಿಸ್ಲಿಲ್ಲ. ಕರು ನುಗ್ಗಿ ಉರುಳಿಸ್ತು. ನಾನು ಎತ್ತಿಟ್ಟೆ, ಅಷ್ಟೇ."

ನಾನು ಹೇಳಿದೆ. ಅತ್ತೆ ನಡೆಯುವುದನ್ನು ನಿಲ್ಲಿಸಿದರು.

"ಯಾವ ಬಣ್ಣದ ಕರು ಅಂತ ಕೇಳು."

"ಕೆಂದ ಅಂತ ಹೇಳಮ್ಮ."

"ಆವಾಗ ಈ ಬೀದೀಲಿ ಯಾರ ಮನೇಲೂ ಕೆಂದ ಕರು ಇರ್ಲಿಲ್ಲ ಅಂತ ಹೇಳು."

ಅಲ್ಲಿಗೆ ಸಂಧಾನ ಮುರಿದುಬಿತ್ತು. ಆದರೆ ಆ ಸಂಜೆ ಅಕ್ಕ ಗೇಟಿನ ಹತ್ತಿರ ನಿಂತು, "ಅವರ ಕಾಲು ಊದಿದೆ, ಬಿಸಿನೀರಿಗೆ ಉಪ್ಪು ಹಾಕಿ ಇಡೋಕೆ ಹೇಳಮ್ಮ" ಎಂದಳು. "ನನ್ನ ಕಾಲು ನೋಡು ಅಂತ ಅವಳಿಗೆ ಯಾರು ಹೇಳಿದ್ರು ಕೇಳು" ಎಂದು ಗೊಣಗಿದ ಅತ್ತೆ, ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಉಪ್ಪಿನ ಡಬ್ಬಿ.

ಎಣಿಕೆಯ ದಿನ ಅಕ್ಕ ಸೋತಳು. ಬಹಳ ಕಡಿಮೆ ಅಂತರ, ಅದಕ್ಕೇ ಹೆಚ್ಚು ನೋವು. ಅಷ್ಟು ದಿನ ಅವಳ ಮನೆಯ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಮರುದಿನ ಅಲ್ಲಿ ಒಂದು ಜೊತೆಯೂ ಇಲ್ಲ. ಬಾಗಿಲು ಮುಚ್ಚಿತ್ತು, ರಂಗೋಲಿ ಹಾಕಿರಲಿಲ್ಲ. ಎರಡು ದಿನ ಹಾಗೇ. ಅತ್ತೆ ಅಕ್ಕಿ ಆರಿಸುವ ಮೊರವನ್ನು ಹಿತ್ತಲಿನಿಂದ ಮುಂಬಾಗಿಲಿಗೆ ತಂದುಕೊಂಡರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಕೊಡಗಳು ಸಾಲಾದವು. ಅಕ್ಕ ಹೊರಗೆ ಬರಲಿಲ್ಲ. ಅತ್ತೆ ತಮ್ಮ ಕೊಡ ಇಟ್ಟರು. ಆಮೇಲೆ ಬೀದಿ ದಾಟಿ, ಅಕ್ಕನ ಜಗಲಿಯ ಮೇಲೆ ಬೋರಲು ಹಾಕಿದ್ದ ನೀಲಿ ಕೊಡವನ್ನು ಎತ್ತಿಕೊಂಡು ಬಂದರು. ತಮ್ಮ ಕೊಡವನ್ನು ಹಿಂದಕ್ಕೆ ಸರಿಸಿ ಅದರ ಜಾಗದಲ್ಲಿ ಆ ಕೊಡವನ್ನು ಇಟ್ಟರು.

"ಅಜ್ಜಿ, ಅದು ಎದುರುಮನೆ ಅಕ್ಕನ ಕೊಡ," ಎಂದಳು ಹಿಂದಿದ್ದವಳು.

"ಗೊತ್ತೈತೆ."

ತುಂಬಿದ ಕೊಡವನ್ನು ನನಗೆ ಮುಟ್ಟಲೂ ಬಿಡದೆ ಸೊಂಟಕ್ಕಿಟ್ಟುಕೊಂಡು ನಡೆದರು. ನಾನು ಅಭ್ಯಾಸದಂತೆ ಮುಂದೆ ಓಡಿ, ಬಾಗಿಲಿಗೆ ಬಾಯಿ ಹಚ್ಚಿ, "ಅಕ್ಕಾ, ಅತ್ತೆ ಹೇಳ್ತಿದಾರೆ..." ಎಂದೆ.

ಅತ್ತೆ ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದರು.

"ನೀನು ಸುಮ್ನಿರು ಕಾನ್ವೆಂಟು." ಆಮೇಲೆ ಬಾಗಿಲಿಗೆ, "ಏ ಹುಡ್ಗಿ, ಬಾಗ್ಲು ತೆಗಿ. ನೀರು ಬಂದೈತೆ."

ಬಾಗಿಲು ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕನ ಕಣ್ಣು ಊದಿದ್ದವು, ಜಡೆ ಬಿಚ್ಚಿತ್ತು. ಮೊದಲು ನನ್ನನ್ನು ನೋಡಿದಳು. ನಾನು ನಡುವೆ ಇರಲಿಲ್ಲ. ಆಮೇಲೆ ಅತ್ತೆಯನ್ನು ನೋಡಿದಳು.

"ಕರು ಕೆಂದಾನೇ ಇತ್ತು ದೊಡ್ಡಮ್ಮ."

"ಇರ್ಲಿ ಬಿಡು," ಎಂದರು ಅತ್ತೆ. "ಕೊಡ ಹಿಡ್ಕೋ, ಸೊಂಟ ನೋಯ್ತೈತೆ."